ಬೀಜಕ್ಕೆ ಬಿಟ್ಟದ್ದು

ಜನವರಿ 6, 2025, ಸೋಮವಾರ

ಇವರು ಹೋಗಿ ನಲವತ್ತಮೂರು ದಿನ.

ಈ ಡೈರಿ ಇವರಿಗೆಂದೇ ಬಂದದ್ದು. ಕುಮಟಾದ ಔಷಧ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದರಲ್ಲ, ಪ್ರತಿ ವರ್ಷ ಯಾವುದಾದರೊಂದು ಔಷಧ ಕಂಪನಿಯವರು ಇವರಿಗೊಂದು ಡೈರಿ ಕೊಡುತ್ತಿದ್ದರು. ಈ ವರ್ಷದ್ದನ್ನು ಅಂಗಡಿಯ ಮಾಲೀಕರೇ ನಮ್ಮೂರು ಹೊಳನಗದ್ದೆಗೆ ತಂದು, ಯಾರ ಕೈಗೆ ಕೊಡುವುದೆಂದು ತಿಳಿಯದೆ ಜಗಲಿಯ ಮೇಲಿಟ್ಟು ಹೋದರು. ಪ್ರತಿ ಪುಟದ ತಲೆಯಲ್ಲೂ ಕೆಮ್ಮಿನ ಔಷಧದ ಜಾಹೀರಾತು. ಖಾಲಿ ಬಿಡಲು ಮನಸ್ಸಾಗಲಿಲ್ಲ. ನಾನು ಏಳನೇ ಇಯತ್ತೆಯವರೆಗೆ ಓದಿದವಳು. ಅಕ್ಷರ ದುಂಡಗಿದೆ ಎಂದು ಮಾಸ್ತರರು ಹೇಳುತ್ತಿದ್ದರು. ಬರೆಯುತ್ತೇನೆ.

ಇಂದು ಬೆಳಿಗ್ಗೆ ಪಕ್ಕದ ಮನೆಯ ಸುಬ್ಬಿ ಬಂದಳು. ಸೊಂಟದ ಮೇಲೆ ಅವಳ ಮೊಮ್ಮಗ ಶಿಶಿರ, ಒಂದೂವರೆ ವರ್ಷದವನು. ಮೂಗು ಸುರಿಯುತ್ತಿತ್ತು.

"ದೇವಿ, ಡಬ್ಬಿ ತೆಗಿ ಮಾರಾಯ್ತಿ. ನಿನ್ನೆಯಿಂದ ಇವಂಗೆ ಕೆಮ್ಮು."

ಡಬ್ಬಿ ಎಂದರೆ ಇವರ ಬಿಸ್ಕೀಟು ಡಬ್ಬಿ. ನಮ್ಮ ಕೊಪ್ಪ ಸಣ್ಣ ಕೇರಿ, ಹತ್ತೊಂಬತ್ತು ಮನೆಗಳಿಗೂ ಡಬ್ಬಿಯ ಗುರುತಿದೆ. ಯಾವ ಮಗುವಿಗೆ ಜ್ವರ ಬಿಟ್ಟರೂ ಉಳಿದ ಸಿರಪ್ಪು, ಉಳಿದ ಗುಳಿಗೆ ಡಬ್ಬಿಗೆ ವಾಪಸು ಬರುತ್ತದೆ, ಮುಂದಿನ ಮಗುವಿಗೆ ಹೋಗುತ್ತದೆ. ಹೆಪ್ಪಿಗೆ ಮಜ್ಜಿಗೆ, ಬಿತ್ತಲು ಬೀಜ ಕೊಟ್ಟು ತೆಗೆದುಕೊಳ್ಳುವ ಊರಿನಲ್ಲಿ ಔಷಧವನ್ನು ಯಾಕೆ ಚೆಲ್ಲಬೇಕು ಎನ್ನುತ್ತಿದ್ದರು ಇವರು. ಮೂರು ದಿನ ಹಾಕಿ, ಜ್ವರ ಬಿಟ್ಟ ಕೂಡಲೆ ನಿಲ್ಲಿಸಿ. ಇಷ್ಟೇ ಇವರ ಪದ್ಧತಿ. ಡಾಕ್ಟರ್ ವಿಶ್ವಣ್ಣ ಎಂದೇ ಜನ ಕರೆಯುತ್ತಿದ್ದರು. ಕತಗಾಲದಲ್ಲಿರುವ ನಾದಿನಿ ಸಣ್ಣಮ್ಮನ ಮನೆಗೂ ಡಬ್ಬಿಯಿಂದ ಔಷಧ ಹೋಗಿದೆ.

ಸೀಲು ಒಡೆಯದ ಒಂದು ಬಾಟಲಿ ಇತ್ತು, ಒಳಗೆ ಪುಡಿ. ಕುದಿಸಿ ಆರಿಸಿದ ನೀರನ್ನು ಗೆರೆಯವರೆಗೆ ಹಾಕಿ ಕುಲುಕಿದೆ. ಗುಲಾಬಿ ಬಣ್ಣ ಬಂತು, ಬಾಳೆಹಣ್ಣಿನ ಪರಿಮಳ. ನನ್ನ ಕೈ ತಪ್ಪಲಿಲ್ಲ. ನೋಡಿ ನೋಡಿ ಕಲಿತದ್ದು.

"ವಿಶ್ವಣ್ಣ ಹೋದ್ರೂ ಡಬ್ಬಿ ಹೋಗ್ಲಿಲ್ಲ ನೋಡು, ನಮ್ಮ ಪುಣ್ಯ" ಎಂದಳು ಸುಬ್ಬಿ.

ಇಡೀ ದಿನ ಆ ಮಾತು ಕಿವಿಯಲ್ಲಿತ್ತು.

ಜನವರಿ 14, ಮಂಗಳವಾರ

ಇವರು ಹೋಗಿ ಐವತ್ತೊಂದು ದಿನ.

ಸಂಕ್ರಾಂತಿ. ಮನೆಯಲ್ಲಿ ಏನೂ ಮಾಡಲಿಲ್ಲ. ಅತ್ತೆ ಹಮ್ಮನೂ ನಾನೂ ನೀರುಳ್ಳಿ ಗದ್ದೆಯಲ್ಲಿ ಕಳೆ ಕೀಳುತ್ತಿದ್ದೆವು. ಅತ್ತೆಗೆ ಎಪ್ಪತ್ತಾರು ದಾಟಿದೆ. ಮಗನನ್ನು ಕಳೆದುಕೊಂಡ ಮೇಲೆ ಇಂದೇ ಮೊದಲ ಸಲ ಒಂದು ಪದ ಎತ್ತಿದರು. ನಮ್ಮಲ್ಲಿ ಒಬ್ಬರು ಹಾಡಿನ ಸಾಲು ಎತ್ತಿದರೆ ಇನ್ನೊಬ್ಬರು ಹಿಡಿಯಬೇಕು. ಇಪ್ಪತ್ತೇಳು ವರ್ಷ ಅತ್ತೆಯ ಸಾಲು ಹಿಡಿದವಳು ನಾನೇ. ಇಂದು ಬಾಯಿ ಬರಲಿಲ್ಲ. ಅವರು "ಆತು, ಬಿಡು" ಎಂದು ಮತ್ತೆ ಕಳೆಗೆ ಕೈ ಹಾಕಿದರು.

ಮೊಮ್ಮಗಳು ಚಂದನಾಗೆ ಕೆಮ್ಮು, ಮೈ ಬಿಸಿ. ಮಗಳು ಕವಿತಾ ಕುಮಟಾದ ಗೇರುಬೀಜದ ಕಾರ್ಖಾನೆಗೆ ಹೋಗುತ್ತಾಳೆ. ಅಳಿಯ ಪ್ರವೀಣನದು ಭಟ್ಕಳದಲ್ಲಿ ಗ್ಯಾರೇಜಿನ ಕೆಲಸ, ಭಾನುವಾರ ಬರುತ್ತಾನೆ. ಹಾಗಾಗಿ ಹಗಲಿಡೀ ಎರಡು ವರ್ಷದ ಈ ಮಗು ನನ್ನದೇ. ಕವಿತಾ ಹೊರಡುವಾಗ, "ಡಬ್ಬಿದು ಎಂತದೂ ಹಾಕ್ಬೇಡ ಅಮ್ಮ. ನಾಳೆ ಡಾಕ್ಟರಿಗೆ ತೋರ್ಸ್ವ" ಎಂದಳು.

ಇವಳೇ ಆ ಡಬ್ಬಿಯ ಔಷಧ ಕುಡಿದು ಬೆಳೆದವಳು. ನಾಳೆಯವರೆಗೆ ಯಾಕೆ ಕಾಯಬೇಕು? ಶಿಶಿರನಿಗೆ ಜ್ವರ ಬಿಟ್ಟು ಸುಬ್ಬಿ ಬಾಟಲಿ ವಾಪಸು ತಂದಿದ್ದಳು, ಅರ್ಧಕ್ಕಿಂತ ಹೆಚ್ಚಿತ್ತು. ನೀರಿನ ಕೊಡದ ಬುಡದ ಮರಳಿನಲ್ಲಿ ತಂಪಾಗಿ ಇಟ್ಟಿದ್ದೆ. ಒಂದು ಮುಚ್ಚಳ ಕುಡಿಸಿದೆ. ಚಪ್ಪರಿಸಿ ಕುಡಿದಳು.

ಜನವರಿ 17, ಶುಕ್ರವಾರ

ಐವತ್ತನಾಲ್ಕು ದಿನ.

ಜ್ವರ ಬಿಟ್ಟಿತು. ಮೂರು ದಿನಕ್ಕೆ ಸರಿಯಾಗಿ. ಬಾಟಲಿ ಒರೆಸಿ ಡಬ್ಬಿಯಲ್ಲಿಟ್ಟೆ. ಮರುದಿನವೇ ಮೈ ಬಿಸಿ ಇಳಿಯುತ್ತ ಬಂದಿತ್ತು, ಡಾಕ್ಟರರ ಬಳಿ ಹೋಗುವ ಕೆಲಸ ತಪ್ಪಿತು. ಕವಿತಾಗೆ ಹೇಳಲಿಲ್ಲ, ಹೇಳಿದರೆ ಸುಮ್ಮನೆ ಜಗಳ.

ಜನವರಿ 22, ಬುಧವಾರ

ಐವತ್ತೊಂಬತ್ತು ದಿನ.

ಮತ್ತೆ ಕೆಮ್ಮು. ಹೋದ ವಾರದ ಸಿರಪ್ಪಿಗೆ ಬಗ್ಗಿಲ್ಲ. ದೊಡ್ಡವರ ಗುಳಿಗೆ ಇತ್ತು, ಕಾಲು ಭಾಗ ಮುರಿದು ಜೇನಿನಲ್ಲಿ ಅರೆದು ನೆಕ್ಕಿಸಿದೆ. ಇವರು ಹೀಗೆ ಮಾಡಿದ್ದನ್ನು ನೋಡಿದ್ದೇನೆ. ನಾಳೆಗೆ ಸರಿಯಾಗುತ್ತಾಳೆ.

ಜನವರಿ 27, ಸೋಮವಾರ

ಅರವತ್ತನಾಲ್ಕು ದಿನ.

ಹೊನ್ನಾವರದ ಮಕ್ಕಳ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಚೀಲದಲ್ಲಿ ಬಟ್ಟೆಯ ಜೊತೆ ಡೈರಿಯೂ ಬಂದಿದೆ.

ಬೆಳಿಗ್ಗೆ ಚಂದನಾಳ ಅಂಗಿ ಬಿಚ್ಚಿದಾಗ ಕಂಡಿತು. ಉಸಿರು ಎಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಮೂಗಿನ ಹೊಳ್ಳೆ ಅರಳುತ್ತಿತ್ತು. ಅಳಲೂ ಅವಳಿಗೆ ಉಸಿರಿರಲಿಲ್ಲ. ಕುಮಟಾದ ಡಾಕ್ಟರು ಎದೆಗೆ ಕಿವಿಗೊಳವೆ ಇಟ್ಟವರೇ, "ಇಲ್ಲಿ ಇಟ್ಟುಕೊಳ್ಳೋದಿಲ್ಲ, ಈಗಲೇ ಹೊನ್ನಾವರಕ್ಕೆ" ಎಂದರು. ರಿಕ್ಷಾದಲ್ಲಿ ಧಾರೇಶ್ವರ ದಾಟುವವರೆಗೆ ಕವಿತಾ ಮಗುವಿನ ಬಾಯಿಯನ್ನೇ ನೋಡುತ್ತಿದ್ದಳು.

ನ್ಯುಮೋನಿಯಾ. ಮೂಗಿಗೆ ಆಮ್ಲಜನಕದ ಕೊಳವೆ, ಕೈಗೆ ಸಲೈನು.

ಇಲ್ಲಿಯ ಡಾಕ್ಟರು ಸುಚಿತಾ ಎಂದು. ವಯಸ್ಸು ನನ್ನ ಮಗಳಿಗಿಂತ ನಾಲ್ಕೈದು ಹೆಚ್ಚಿರಬಹುದು. "ಮನೆಯಲ್ಲಿ ಏನಾದರೂ ಆಂಟಿಬಯೋಟಿಕ್ ಕೊಟ್ಟಿದ್ದೀರಾ?" ಎಂದು ಕೇಳಿದರು.

"ಇಲ್ಲ ಮೇಡಂ. ಜ್ವರದ್ದು ಮಾತ್ರ" ಎಂದಳು ಕವಿತಾ.

ನಾನು ಅವಳ ಹಿಂದೆಯೇ ನಿಂತಿದ್ದೆ. ಬಾಯಿ ತೆರೆದರೆ ಮೊದಲು ಬರುವುದು ಇವರ ಹೆಸರು. ಇವರು ಹೋದಾಗ ಕೊಪ್ಪದ ಪ್ರತಿ ಮನೆಯವರೂ ಅತ್ತಿದ್ದಾರೆ.

ಜನವರಿ 28, ಮಂಗಳವಾರ

ಅರವತ್ತೈದು.

ಜ್ವರ ಇಳಿದಿಲ್ಲ. ಇಂಜೆಕ್ಷನ್ ನಾಟುತ್ತಿಲ್ಲ. ರಕ್ತ, ಗಂಟಲಿನ ಕಫ ಲ್ಯಾಬಿಗೆ ಕಳಿಸಿದ್ದಾರೆ. ಯಾವ ರೋಗಾಣು, ಅದು ಯಾವ ಔಷಧಕ್ಕೆ ಸಾಯುತ್ತದೆ ಎಂದು ತಿಳಿಯಲು ಇನ್ನೂ ಎರಡು ದಿನ ಬೇಕಂತೆ. ಡಾಕ್ಟರು ಮತ್ತೊಮ್ಮೆ ಕೇಳಿದರು, ಈ ಸಲ ನನ್ನ ಕಡೆ ನೋಡಿ. "ಅಜ್ಜಿ, ನೀವು ಏನಾದರೂ?"

ನಾನು ಇಲ್ಲ ಎನ್ನಲಿಲ್ಲ. ಹೌದು ಎಂದೂ ಅನ್ನಲಿಲ್ಲ.

ಜನವರಿ 29, ಬುಧವಾರ

ನಿರ್ಧಾರ ಮಾಡಲು ನನಗೆ ಹೆಚ್ಚು ಹೊತ್ತು ಬೇಡ. ಬಾಯಿ ತೆರೆಯಲು ಬೇಕು. ಇಂದು ಎರಡೂ ಆಯಿತು.

ಬೆಳಗಿನ ಮೊದಲ ಬಸ್ಸಿಗೆ ಮನೆಗೆ ಬಂದೆ. ಕಪಾಟಿನ ಮೇಲಿನ ಡಬ್ಬಿ ಇಳಿಸುವಾಗ ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಎಂತಕೆ ಒಯ್ತೆ ಅದ್ನ?"

"ಡಾಕ್ಟರಿಗೆ ತೋರ್ಸೂಕೆ. ಚಂದನಾಗೆ ಇದ್ರಲ್ಲಿದ್ದದ್ದೇ ಹಾಕಿದ್ದೆ ಅತ್ತೆ. ಎರಡು ಸಲ."

ಅತ್ತೆ ಎಲೆಯಡಿಕೆಯ ಕವಳ ಜಗಿಯುವುದನ್ನು ನಿಲ್ಲಿಸಿದರು. "ನನ್ನ ಮಗನ ಹೆಸ್ರು ಹೇಳ್ತ್ಯಾ?"

"ಹೇಳೂಕೇ ಬೇಕು."

ಅಂಗಳಕ್ಕೆ ಹೋಗಿ ಕವಳ ಉಗುಳಿ ಬಂದು, "ಹುಡ್ಗಿ ಜೀವದ ಮುಂದೆ ಎಂತ ಹೆಸ್ರು. ಹೋಗು, ಬಸ್ಸು ತಪ್ತದೆ" ಎಂದರು.

ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲೆ ಹಿಡಿದುಕೊಂಡಿದ್ದೆ. ಕಂಡಕ್ಟರ್, "ಎಂತ ಅಮಾ, ಬಿಸ್ಕೀಟಾ? ನಂಗೂ ಒಂದು ಕೊಡಿ" ಎಂದ.

"ನಿಂಗೆ ಕೆಮ್ಮಿಲ್ಲ, ಬೇಡ" ಎಂದೆ. ಪಕ್ಕದವಳು ನಕ್ಕಳು. ನಾನು ಯಾಕೆ ಹಾಗೆಂದೆನೋ.

ಡಾಕ್ಟರರ ಮೇಜಿನ ಮೇಲೆ ಡಬ್ಬಿ ಇಟ್ಟು ಮುಚ್ಚಳ ತೆಗೆದೆ. "ಇದು ನನ್ನ ಗಂಡನದು. ಔಷಧ ಅಂಗಡಿಯಲ್ಲಿದ್ದರು. ಊರಿನ ಮಕ್ಕಳಿಗೆಲ್ಲ ಇದರಿಂದಲೇ ಕೊಡುತ್ತಿದ್ದರು. ಅವರು ಹೋದ ಮೇಲೆ ನಾನು ಕೊಡುತ್ತಿದ್ದೇನೆ. ಚಂದನಾಗೂ ಕೊಟ್ಟೆ." ಒಂದೇ ಉಸಿರಿಗೆ ಹೇಳಿದೆ.

ಡಾಕ್ಟರು ಬೈಯಲಿಲ್ಲ. ಒಂದೊಂದೇ ಬಾಟಲಿ, ಒಂದೊಂದೇ ಗುಳಿಗೆಯ ಪಟ್ಟಿ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಹದಿನಾಲ್ಕು ಆಯಿತು. "ಯಾವುದು ಕೊಟ್ಟಿದ್ದು? ಯಾವ ದಿನ?"

ದಿನ ನನ್ನ ಹತ್ತಿರ ಇತ್ತು. ಡೈರಿ ತೆರೆದೆ. ಉಳಿದ ಸಾಲುಗಳ ಮೇಲೆ ಅಂಗೈ ಇಟ್ಟು, ಬೇಕಾದ ಸಾಲು ಮಾತ್ರ ಓದಿದೆ. ಆರನೇ ತಾರೀಕು ನೀರು ಹಾಕಿದ ಬಾಟಲಿ. ಹದಿನಾಲ್ಕಕ್ಕೆ ಮಗುವಿಗೆ. ಮೂರು ದಿನ. ಇಪ್ಪತ್ತೆರಡಕ್ಕೆ ಈ ಗುಳಿಗೆ, ಕಾಲು ಭಾಗ.

"ನೀರು ಹಾಕಿದ ಮೇಲೆ ಏಳು ದಿನಕ್ಕೆ ಇದರ ಬಲ ಹೋಗುತ್ತೆ ಅಜ್ಜಿ. ಕೊಟ್ಟಿದ್ದೂ ಮೂರೇ ದಿನ. ಬಲ ಇಲ್ಲದ್ದನ್ನು, ಅದೂ ಅರ್ಧ ಕೊಟ್ಟರೆ ಬಡಕಲು ರೋಗಾಣು ಸಾಯುತ್ತೆ, ಜ್ವರ ಬಿಡುತ್ತೆ. ಗಟ್ಟಿಯಾದದ್ದು ಒಳಗೇ ಉಳಿಯುತ್ತೆ, ಅದೇ ಸಂತಾನ ಬೆಳೆಸುತ್ತೆ. ಆಮೇಲೆ ಆ ಔಷಧಕ್ಕೆ ಅದು ಬಗ್ಗೋದಿಲ್ಲ."

"ಬೀಜಕ್ಕೆ ಬಿಟ್ಟ ಹಾಗೆ" ಎಂದೆ.

ಬರೆಯುತ್ತಿದ್ದವರು ತಲೆ ಎತ್ತಿದರು.

"ನಾವು ನೀರುಳ್ಳಿಯಲ್ಲಿ ಗಟ್ಟಿಯಾದ ಗಡ್ಡೆಯನ್ನೇ ಆರಿಸಿ ಬೀಜಕ್ಕೆ ಬಿಡುತ್ತೇವೆ. ಮೆತ್ತಗಿನದನ್ನು ತಿಂದು ಮುಗಿಸುತ್ತೇವೆ. ವರ್ಷವರ್ಷ ಹಾಗೇ ಮಾಡಿದರೆ ಗದ್ದೆಯೆಲ್ಲ ಗಟ್ಟಿಯದೇ."

"ಅದೇ" ಎಂದರು ಡಾಕ್ಟರು. "ಸರಿಯಾಗಿ ಅದೇ."

ನಾವು ಕೊಡುತ್ತಿರುವ ಇಂಜೆಕ್ಷನ್ ನೀವು ಕೊಟ್ಟದ್ದರ ಜಾತಿಯದೇ, ಇನ್ನು ವರದಿಗೆ ಕಾಯುವುದಿಲ್ಲ, ಇವತ್ತೇ ಬದಲಿಸುತ್ತೇನೆ ಎಂದು ಎದ್ದು ಹೋದರು. ಬಾಗಿಲಲ್ಲಿ ತಿರುಗಿ, "ಈ ರೋಗಾಣು ನಿಮ್ಮ ಮನೆಯಲ್ಲೇ ಹುಟ್ಟಿತೋ, ಹೊರಗಿಂದ ಬಂತೋ, ಯಾರಿಗೂ ಹೇಳೋಕಾಗೋದಿಲ್ಲ. ಆದರೆ ಇವತ್ತು ಹೇಳಿದ್ದರಿಂದ ಒಂದು ದಿನ ಸಿಕ್ಕಿತು" ಎಂದರು.

ಕವಿತಾ ಬಾಗಿಲ ಹೊರಗೇ ನಿಂತು ಎಲ್ಲ ಕೇಳಿದ್ದಳು.

"ನಾ ಬೇಡ ಹೇಳಿದ್ದೆ ಅಲ್ದಾ? ಎಂತಕೆ ಹಾಕ್ದೆ ಅಮ್ಮ? ಎಂತಕೆ?"

"ಡಬ್ಬಿ ತೆಗ್ದಾಗ ಅಪ್ಪ ಮನೇಲಿದ್ದಾಂಗೆ ಆಗ್ತಿತ್ತು" ಎಂದೆ.

ಅವಳು ಬೆಂಚಿನ ಆ ತುದಿಗೆ ಹೋಗಿ ಕುಳಿತಳು. ಮಧ್ಯಾಹ್ನ ನಾನು ತಂದ ಚಹಾ ಅರ್ಧ ಕುಡಿದು, ಉಳಿದದ್ದನ್ನು ನನ್ನ ಕಡೆ ಸರಿಸಿದಳು.

ಜನವರಿ 30, ಗುರುವಾರ

ಹೊಸ ಇಂಜೆಕ್ಷನ್, ಎರಡನೇ ದಿನ.

ಲ್ಯಾಬಿನ ವರದಿ ಬಂತು. ಔಷಧಗಳ ಉದ್ದ ಪಟ್ಟಿ, ಪ್ರತಿಯೊಂದರ ಎದುರು ಒಂದು ಅಕ್ಷರ. ನಮ್ಮ ಡಬ್ಬಿಯಲ್ಲಿದ್ದ ಒಂದಕ್ಕೂ ಈ ರೋಗಾಣು ಸಾಯುವುದಿಲ್ಲ. ಈಗ ಕೊಡುತ್ತಿರುವುದಕ್ಕೆ ಸಾಯುತ್ತದೆ. ಡಾಕ್ಟರು ಆ ಸಾಲಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದು ತೋರಿಸಿದರು.

ಪ್ರವೀಣ ಭಟ್ಕಳದಿಂದ ಬಂದ. ಕವಿತಾ ಅವನಿಗೆ ಹೇಳಿಯೇ ಇರಬೇಕು. ಅವನು ನನ್ನ ಹತ್ತಿರ ಕೇಳಿದ್ದು ಊಟ ಆಯಿತೇ ಎಂದು ಮಾತ್ರ. ಭಟ್ಕಳದ ಹಲ್ವಾ ಒಂದು ಪೊಟ್ಟಣ ತಂದಿದ್ದ, ಮಗುವಿಗೆ ತಿನ್ನಲಾಗದು ಎಂಬುದು ಅವನಿಗೆ ಹೊಳೆದೇ ಇಲ್ಲ. ನರ್ಸುಗಳೆಲ್ಲ ತಿಂದರು.

ಫೆಬ್ರವರಿ 1, ಶನಿವಾರ

ನಾಲ್ಕನೇ ದಿನ.

ಜ್ವರವಿಲ್ಲ. ಗುಳಿ ಬೀಳುವುದು ನಿಂತಿದೆ. ಆಮ್ಲಜನಕದ ಕೊಳವೆ ತೆಗೆದರು. ತೆಗೆದ ಕೂಡಲೆ ಚಂದನಾ ಮೂಗು ಮುಟ್ಟಿ ನೋಡಿಕೊಂಡು, "ಹೋತು" ಎಂದಳು.

ಕವಿತಾ ಬಚ್ಚಲಿಗೆ ಹೋಗಿ ಅತ್ತು ಬಂದಳು. ನಾನು ಅಳಲಿಲ್ಲ. ಗಂಜಿ ತರಲು ಹೋದೆ.

ಜ್ವರ ಬಿಟ್ಟಿತಲ್ಲ, ಮನೆಗೆ ಹೋಗೋಣವೇ ಎಂದು ಪ್ರವೀಣ ಫೋನಿನಲ್ಲಿ ಕೇಳಿದ. ಡಾಕ್ಟರು ಹತ್ತು ದಿನ ಎಂದಿದ್ದಾರೆ, ಹತ್ತು ಎಂದರೆ ಹತ್ತು ಎಂದೆ. ನನ್ನ ದನಿ ಸ್ವಲ್ಪ ಜೋರಾಯಿತೆಂದು ಕಾಣುತ್ತದೆ. ಪಕ್ಕದ ಮಂಚದವರು ತಿರುಗಿ ನೋಡಿದರು.

ಫೆಬ್ರವರಿ 4, ಮಂಗಳವಾರ

ಏಳನೇ ದಿನ.

ಡಾಕ್ಟರು ನನಗೆ ಉಸಿರು ಎಣಿಸಲು ಕಲಿಸಿದರು. ಮಗು ಅಳದೆ ಇರುವಾಗ ಹೊಟ್ಟೆಯ ಮೇಲಿನ ಬಟ್ಟೆ ಸರಿಸಿ, ಒಂದು ನಿಮಿಷ. ಒಂದು ವರ್ಷ ದಾಟಿದ, ಐದು ತುಂಬದ ಮಗುವಿಗೆ ನಲವತ್ತು ಅಥವಾ ಅದರ ಮೇಲೆ ಬಂದರೆ ಕಾಯಬಾರದು. ಗುಳಿ ಬಿದ್ದರಂತೂ ಎಣಿಸುತ್ತಲೂ ಕೂರಬಾರದು. ನನ್ನ ಹತ್ತಿರ ಇವರ ವಾಚು ಇತ್ತು, ಸೆರಗಿನ ತುದಿಗೆ ಕಟ್ಟಿಕೊಂಡಿದ್ದೆ. ಚಂದನಾಳದು ಇಪ್ಪತ್ತೆಂಟು ಬಂತು. ಎರಡು ಸಲ ಎಣಿಸಿದೆ, ಎರಡು ಸಲವೂ ಅಷ್ಟೇ. ಆಮೇಲೆ ವಾರ್ಡಿನ ಬೇರೆ ಮಕ್ಕಳದೂ ಎಣಿಸಿದೆ. ನರ್ಸು, "ಅಜ್ಜಿ, ನಾಳೆಯಿಂದ ಯೂನಿಫಾರಂ ಹಾಕ್ಕೊಂಡು ಬನ್ನಿ" ಎಂದಳು.

ಫೆಬ್ರವರಿ 8, ಶನಿವಾರ

ನಿನ್ನೆಗೆ ಹತ್ತು ಮುಗಿಯಿತು. ಇಂದು ಮನೆ.

ಡಬ್ಬಿಯ ಔಷಧವನ್ನೆಲ್ಲ ಆಸ್ಪತ್ರೆಯವರೇ ಇಟ್ಟುಕೊಂಡರು. ಗುಂಡಿಗೆ, ಹೊಳೆಗೆ ಹಾಕಬಾರದಂತೆ. ಖಾಲಿ ಡಬ್ಬಿ ವಾಪಸು ತಂದೆ. ಎಲ್ಲಿಡುವುದೆಂದು ಯೋಚಿಸುವಷ್ಟರಲ್ಲಿ ಅತ್ತೆ ಅದನ್ನು ತೆಗೆದುಕೊಂಡು ಎಲೆ, ಅಡಿಕೆ, ಸುಣ್ಣದ ಕಾಯಿ ಎಲ್ಲ ಅದರೊಳಗೆ ಜೋಡಿಸಿಬಿಟ್ಟರು. "ಒಳ್ಳೆ ಡಬ್ಬಿ, ಇರುವೆ ಹೊಕ್ಕೂದಿಲ್ಲ" ಎಂದರು.

ನೀರುಳ್ಳಿ ಗದ್ದೆಯಲ್ಲಿ ಕಳೆ ಮೊಳಕಾಲೆತ್ತರ ಬಂದಿದೆ.

ಫೆಬ್ರವರಿ 18, ಮಂಗಳವಾರ

ಸುಬ್ಬಿ ಬಂದಳು. ಶಿಶಿರನಿಗೆ ಮತ್ತೆ ಕೆಮ್ಮು.

"ಆ ಗುಲಾಬಿದು ಉಳ್ದದ್ಯಾ ದೇವಿ? ಇದ್ರೆ ಕೊಡು."

"ಇಲ್ಲ. ಇದ್ರೂ ಕೊಡೂದಿಲ್ಲ."

ಸುಬ್ಬಿಯ ಮುಖ ಕೆಂಪಾಯಿತು. "ಗಂಡ ಹೋದ ಮೇಲೆ ಕೈ ಗಿಡ್ಡ ಆತಾ ನಿಂದು? ವಿಶ್ವಣ್ಣ ಯಾವತ್ತಾರೂ ಇಲ್ಲ ಹೇಳಿದ್ನಾ?"

ಹಿಂದಾಗಿದ್ದರೆ ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಇಂದು ಅವಳ ಕೈ ಹಿಡಿದು ಗದ್ದೆಯ ಮೂಲೆಗೆ ಕರೆದುಕೊಂಡು ಹೋದೆ. ಅಲ್ಲಿ ಬೀಜಕ್ಕೆ ನೆಟ್ಟ ನೀರುಳ್ಳಿ ಹೂಬಿಟ್ಟು ಬಿಳಿ ಚೆಂಡಿನ ಹಾಗೆ ನಿಂತಿದೆ.

"ಬೀಜಕ್ಕೆ ಬಿಟ್ಟದ್ದು ಯಾವ್ದ ಹೇಳು."

"ನಂಗೆ ಪಾಠ ಮಾಡ್ತ್ಯಾ? ದಪ್ಪದ್ದ, ಗಟ್ಟಿದ್ದ."

"ಮೆತ್ತಂದ ಎಂತ ಮಾಡ್ದೆ?"

"ಸಾರಿಗೆ ಹಾಕ್ದೆ."

"ಮೂರು ದಿನ ಔಷಧ ಹಾಕಿ ನಿಲ್ಸಿದ್ರೂ ಅದೇ. ಮೆತ್ತನ್ನ ರೋಗ ಸಾರಿಗೆ ಹೋತು. ಗಟ್ಟಿದ್ದು ಉಳೀತು, ಅದೇ ಬೀಜ ಆತು. ಅಂಥ ಬೀಜ ಬೆಳ್ಸೂಕೆ ಡಬ್ಬಿ ಇಟ್ಕಂಡು ಮನೆಮನೆಗೆ ದಾರಿ ಮಾಡ್ಕೊಟ್ಟದ್ದು ನಾವು. ಚಂದನಾಗೆ ಡಬ್ಬಿಯ ಯಾವ ಔಷಧವೂ ನಾಟ್ಲಿಲ್ಲ ಸುಬ್ಬಿ. ಒಂದೂ ನಾಟ್ಲಿಲ್ಲ."

ಸುಬ್ಬಿ ಹೂವಿನ ಕಡೆ ನೋಡಿದಳು, ಶಿಶಿರನ ಕಡೆ ನೋಡಿದಳು. "ಹಾಂಗಾರೆ ವಿಶ್ವಣ್ಣ ಮಾಡಿದ್ದು ತಪ್ಪಾ?"

"ತಪ್ಪು. ಒಳ್ಳೆದಕ್ಕೇ ಮಾಡಿದ್ರು, ಆದ್ರೂ ತಪ್ಪು. ನಾ ಕೊಟ್ಟದ್ದೂ ತಪ್ಪು. ನೀ ತಕಂಡು ಹೋದದ್ದೂ."

"ನನ್ನನ್ನೂ ಸೇರ್ಸ್ದೆ ನೋಡು ಇವ್ಳು!"

ವಾಚು ತೆಗೆದು ಹುಡುಗನ ಉಸಿರು ಎಣಿಸಿದೆ. ಮೂವತ್ತೆರಡು. ಗುಳಿ ಇಲ್ಲ. ಆದರೂ ಜ್ವರವಿತ್ತು, ಇಬ್ಬರೂ ಸೇರಿ ಕುಮಟಾದ ಡಾಕ್ಟರಿಗೆ ತೋರಿಸಿದೆವು. ಬರೀ ಶೀತ, ಆಂಟಿಬಯೋಟಿಕ್ ಬೇಡ, ಜ್ವರ ಬಂದರೆ ಜ್ವರದ್ದು ಮಾತ್ರ, ಚೆನ್ನಾಗಿ ನೀರು ಕುಡಿಸಿ, ಉಸಿರು ಜೋರಾದರೆ ತನ್ನಿ ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಸುಬ್ಬಿಯದು ಒಂದೇ ರಗಳೆ. "ನೀರು ಕುಡ್ಸಿ ಹೇಳೂಕೆ ಡಾಕ್ಟರು ಬೇಕಾತಾ? ಬಾವಿ ನಮ್ಮನೇಲೇ ಇಲ್ಯಾ?"

ಫೆಬ್ರವರಿ 23, ಭಾನುವಾರ

ಶಿಶಿರ ಹುಷಾರಾದ. ಬರೀ ನೀರಿಗೆ ಹುಷಾರಾದ ಎಂದು ಸುಬ್ಬಿ ಕೊಪ್ಪಕ್ಕೆಲ್ಲ ಹೇಳಿ ಬಂದಿದ್ದಾಳೆ, ತನ್ನದೇ ವೈದ್ಯ ಎನ್ನುವ ಹಾಗೆ.

ಇಂದು ಮೂರು ಮನೆಯವರು ಕಪಾಟಿನ ಮೂಲೆಯಲ್ಲಿ ಉಳಿದಿದ್ದ ಔಷಧ ತಂದುಕೊಟ್ಟರು. ಹೊನ್ನಾವರಕ್ಕೆ ಒಯ್ಯಬೇಕು. ಕತಗಾಲದ ಸಣ್ಣಮ್ಮನಿಗೂ ಫೋನು ಮಾಡಿ ಹೇಳಿದೆ. "ಅಣ್ಣ ಕೊಟ್ಟದ್ದಲ್ವಾ ಅತ್ತಿಗೆ, ಬಿಸಾಡೂಕೆ ಮನಸ್ಸು ಬತ್ತಿಲ್ಲ" ಎಂದಳು. ನನಗೂ ಬರಲಿಲ್ಲ, ಆದರೂ ಕೊಟ್ಟೆ, ನೀನೂ ಕೊಡು ಎಂದೆ.

ಮಾರ್ಚ್ 4, ಮಂಗಳವಾರ

ಮೇಲಿನ ಮನೆಯ ಮಗುವಿನ ಉಸಿರು ಐವತ್ತೆರಡು. ಹತ್ತು ನಿಮಿಷದಲ್ಲಿ ರಿಕ್ಷಾ ತರಿಸಿದೆ. ಬೇಗ ತಂದಿರಿ ಎಂದರಂತೆ ಆಸ್ಪತ್ರೆಯಲ್ಲಿ.

ಮಾರ್ಚ್ 16, ಭಾನುವಾರ

ನೀರುಳ್ಳಿ ಕಿತ್ತೆವು. ಈ ವರ್ಷ ಗಡ್ಡೆ ಸ್ವಲ್ಪ ಸಣ್ಣದು, ಆ ಹದಿಮೂರು ದಿನ ಕಳೆ ಕೀಳದ ಗುರುತು. ಆದರೆ ನಮ್ಮ ಕಡೆಯ ನೀರುಳ್ಳಿಯ ಸಿಹಿ ಹಾಗೇ ಇದೆ. ಪ್ರವೀಣ, ಕವಿತಾ ಸೊಪ್ಪು ಸೇರಿಸಿ ನೀರುಳ್ಳಿಯ ಕಟ್ಟು ಹೆಣೆಯುತ್ತಿದ್ದರು. ಸುಬ್ಬಿಯೂ ಬಂದಿದ್ದಳು. ಚಂದನಾ, ಶಿಶಿರ ರಾಶಿಯ ಮೇಲೆ ಹತ್ತಿ ಇಳಿದು ಬೈಸಿಕೊಳ್ಳುತ್ತಿದ್ದರು.

ನಾನು ಬೀಜಕ್ಕೆ ಗಡ್ಡೆ ಆರಿಸುತ್ತಿದ್ದೆ. ಒತ್ತಿ ನೋಡಿ, ಕುತ್ತಿಗೆ ಸಣ್ಣಗಿರುವುದನ್ನು, ಗಟ್ಟಿಯಾದದ್ದನ್ನು ಪಕ್ಕಕ್ಕಿಡುತ್ತಿದ್ದೆ. ಇದು ಬಿಡಬೇಕಾದ ಬೀಜ. ಇದರಲ್ಲಿ ನನ್ನ ಕೈ ತಪ್ಪುವುದಿಲ್ಲ.

ಅತ್ತೆ ಡಬ್ಬಿ ತೆರೆದು ಎಲ್ಲರಿಗೂ ಕವಳ ಕೊಟ್ಟರು. ನನಗೆ ಕೊಡುವಾಗ, "ಅವ ಹೋಗಿ ಎಷ್ಟು ದಿನ ಆತು?" ಎಂದು ಕೇಳಿದರು.

ಬೆರಳು ಮಡಚಿ ನೋಡಿದೆ. ಸರಿಯಾಗಿ ಬರಲಿಲ್ಲ. "ನೂರು ದಾಟ್ತು ಅತ್ತೆ" ಎಂದೆ.

ಅತ್ತೆ ನನ್ನ ಮುಖ ನೋಡಿದರು. ಕವಳ ಕೆನ್ನೆಗೆ ಒತ್ತಿಕೊಂಡು, ರಾಶಿಯ ಆಚೆ ಕುಳಿತು ಒಂದು ಪದ ಎತ್ತಿದರು. ಮಗುವನ್ನು ತೊಟ್ಟಿಲಿಗೆ ಹಾಕುವ ಪದ, ಉದ್ದದ್ದು. ಎರಡನೇ ಸಾಲು ಯಾರೋ ಹಿಡಿದರು. ಮೂರನೆಯದನ್ನು ಅತ್ತೆ ಎತ್ತಿದರು, ನಾಲ್ಕನೆಯದೂ ಹಿಡಿದಾಯಿತು. ಕವಿತಾ ಹೆಣಿಗೆ ನಿಲ್ಲಿಸಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು, ಆಗಲೇ ನನಗೆ ತಿಳಿದದ್ದು, ಸಾಲು ಹಿಡಿಯುತ್ತಿದ್ದವಳು ನಾನೇ ಎಂದು. ಹೊತ್ತು ಇಳಿಯುವ ಮೊದಲು ಇನ್ನೂ ಎರಡು ಬುಟ್ಟಿ ಆರಿಸುವುದಿತ್ತು. ಆರಿಸಿದೆ.